ರೌಟರುಗಳ ದುರಸ್ತಿಯೂ ಸೇವಾ ಕಂಪೆನಿಗಳ ಹೊಣೆಯೂ

ಊರಿಗೆ ನೀರು ತರುವ ಕೊಳಾಯಿ ಒಡೆದರೆ ಬೀದಿಯ ಜನರೆಲ್ಲರೂ ಅದನ್ನು ಕಾಣುವರು. ವಿದ್ಯುತ್ತಿನ ಕಂಬ ಉರುಳಿದರೆ ದಾರಿಹೋಕರೂ ನಿಂತು ನೋಡುವರು. ಆದರೆ ಇಂದು ನಮ್ಮ ವ್ಯಾಪಾರ, ಕೈಗಾರಿಕೆ, ಕಚೇರಿ, ಪಾಠಶಾಲೆಗಳೆಲ್ಲವೂ ಯಾವುದನ್ನು ನೆಚ್ಚಿಕೊಂಡಿರುವುವೋ ಆ ಅಂತರ್ಜಾಲವು ಕೆಟ್ಟು ನಿಂತಾಗ ನಮ್ಮ ಕಣ್ಣಿಗೆ ಬೀಳುವುದು ಗೋಡೆಯ ಮೂಲೆಯಲ್ಲಿ ಮಿಣುಕುವ ಒಂದು ಕೆಂಪು ದೀಪ ಮಾತ್ರ. ಕಾಣದ ವಸ್ತುವಿನ ವಿಷಯದಲ್ಲಿ ಕೇಳುವವರು ಕಡಮೆ. ಕೇಳುವವರು ಕಡಮೆಯಾದಲ್ಲಿ ಉದಾಸೀನವು ಬೇರೂರುವುದು ಲೋಕಸ್ವಭಾವ. ಬೆಂಗಳೂರಿನ ಉತ್ತರ-ಪಶ್ಚಿಮ ಭಾಗದಲ್ಲಿ, ಜಾಲಹಳ್ಳಿಯಿಂದ ಪೀಣ್ಯದವರೆಗೆ ಹಬ್ಬಿರುವ ಕಾರ್ಖಾನೆಗಳವರೂ ಅಲ್ಲಿಯ ಗೃಹಸ್ಥರೂ ಈ ಉದಾಸೀನದ ಫಲವನ್ನು ಆಗಾಗ ಉಣ್ಣುತ್ತಿರುವುದರಿಂದ, ಈ ವಿಷಯವನ್ನು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿರುವೆವು.

ಮೊದಲು ರೌಟರೆಂದರೇನೆಂಬುದನ್ನು ಹೇಳಬೇಕು. ಅಂಚೆಯ ವಿಂಗಡಣೆಯ ಕಚೇರಿಯಲ್ಲಿ ಗುಮಾಸ್ತನು ಪ್ರತಿ ಲಕೋಟೆಯ ಮೇಲಿನ ವಿಳಾಸವನ್ನು ನೋಡಿ, ಇದು ಹುಬ್ಬಳ್ಳಿಯ ಚೀಲಕ್ಕೆ, ಇದು ಮಂಗಳೂರಿನ ಚೀಲಕ್ಕೆ ಎಂದು ಹಾಕುವಂತೆ, ರೌಟರು ತನ್ನ ಬಳಿಗೆ ಬಂದ ಪ್ರತಿಯೊಂದು ಪೊಟ್ಟಣದ ವಿಳಾಸವನ್ನೂ ಓದಿ ಅದರ ಮುಂದಿನ ದಾರಿಯನ್ನು ಗೊತ್ತುಮಾಡುತ್ತದೆ. ನಮ್ಮ ಮನೆಯಲ್ಲಿರುವುದು ಅತಿ ಸಣ್ಣ ರೌಟರು. ಸೇವಾ ಕಂಪೆನಿಯ ಕೇಂದ್ರದಲ್ಲಿರುವುದು ಯಶವಂತಪುರದ ಜಂಕ್ಷನ್ ಇದ್ದ ಹಾಗೆ; ಅಲ್ಲಿಯ ಹಳಿ ತಿರುಗಿಸುವವನು ಎಡವಿದರೆ ಒಂದು ಬಂಡಿಯಲ್ಲ, ಎಲ್ಲ ಬಂಡಿಗಳೂ ನಿಲ್ಲುವುವು.

ನಿಂತರೆ ಆಗುವ ನಷ್ಟವೇನು? ಸಿನಿಮಾ ನೋಡುವವರಿಗೆ ಒಂದು ಸಂಜೆಯ ಬೇಸರ, ಅಷ್ಟೇ ಎಂದು ಹೇಳುವವರುಂಟು. ಇದು ತಿಳಿಯದವರ ಮಾತು. ಐವತ್ತು ಸಾವಿರ ರೂಪಾಯಿಗಳಿಗೆ ಮೇಲ್ಪಟ್ಟ ಸರಕು ಸಾಗಿಸಲು ಇ-ವೇ ಬಿಲ್ಲು ಬೇಕೆಂಬ ಕಟ್ಟಳೆಯು ಕರ್ನಾಟಕದ ಒಳಗಣ ಸಾಗಾಣಿಕೆಗೂ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ ಐದು ಕೋಟಿ ರೂಪಾಯಿಗಳಿಗೆ ಮಿಗಿಲಾದ ವಹಿವಾಟುಳ್ಳವರು ಬೇರೆ ವರ್ತಕರಿಗೆ ಬರೆಯುವ ಬಿಲ್ಲುಗಳನ್ನು 2023ರ ಆಗಸ್ಟ್ 1ರಿಂದ ಸರಕಾರದ ಗಣಕದಲ್ಲಿಯೇ ನೋಂದಿಸಬೇಕಾಗಿದೆ. ಎಂದರೆ, ಪೀಣ್ಯದ ಒಂದು ಸಣ್ಣ ಲೇತ್ ಕಾರ್ಖಾನೆಯವನು ಸಾಮಾನು ಸಿದ್ಧಪಡಿಸಿ ಲಾರಿಗೆ ಏರಿಸಿದ್ದರೂ, ಅಂತರ್ಜಾಲವಿಲ್ಲದಿದ್ದರೆ ಆ ಲಾರಿಯು ಗೇಟು ದಾಟುವಂತಿಲ್ಲ. ಹೊತ್ತಿಗೆ ಸರಕು ಮುಟ್ಟದಿದ್ದರೆ ದೊಡ್ಡ ಕಾರ್ಖಾನೆಯವರು ಹಣ ಮುರಿದುಕೊಳ್ಳುವರು. ಮುರಿದ ಹಣದ ಪೆಟ್ಟು ಕಡೆಗೆ ಕೂಲಿಯ ದಿನದಂದು ಬೀಳುವುದು ಕೆಲಸಗಾರನ ಮೇಲೆ. ಸರಕಾರವು ಅಂತರ್ಜಾಲವನ್ನು ಕಡ್ಡಾಯ ಮಾಡಿದ ಮೇಲೆ, ಅದನ್ನು ಒದಗಿಸುವವರ ಕೆಲಸವು ಬರಿಯ ವ್ಯಾಪಾರವಾಗಿ ಉಳಿಯಲಿಲ್ಲ. ಅದೊಂದು ಸಾರ್ವಜನಿಕ ಸೇವೆಯಾಯಿತು.

ಈಗ ದೋಷ ಹುಡುಕುವ ರೀತಿಯನ್ನು ನೋಡೋಣ. ದೂರು ಹೇಳಲು ಫೋನು ಮಾಡಿದವನಿಗೆ ಬಹುಮಟ್ಟಿಗೆ ಸಿಕ್ಕುವ ಉತ್ತರ ಒಂದೇ: “ಪೆಟ್ಟಿಗೆಯನ್ನು ಒಂದು ಸಲ ಆರಿಸಿ ಹಾಕಿ.” ಆರಿಸಿ ಹಾಕುವುದರಿಂದ ಕೆಲವು ವೇಳೆ ಗುಣ ಕಾಣುವುದುಂಟು, ಆದರೆ ಎಲ್ಲ ಜ್ವರಕ್ಕೂ ಒಂದೇ ಕಷಾಯ ಕೊಡುವವನನ್ನು ನಾವು ವೈದ್ಯನೆನ್ನುವುದಿಲ್ಲ. ಬೆಳಕಿನ ಎಳೆಯೇ ಕಡಿದಿದ್ದರೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತುವುದು. ಅದನ್ನು ನೂರು ಸಲ ಆರಿಸಿದರೂ ಫಲವಿಲ್ಲ. ಕಂಪೆನಿಯವರು ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸಿ ಕೊಡುವುದು ವಾಡಿಕೆ. ಆದುದರಿಂದ ಪಕ್ಕದ ಮನೆಯಲ್ಲಿಯೂ ಕೆಂಪು ದೀಪವಿದೆಯೇ ಎಂಬ ಒಂದು ಪ್ರಶ್ನೆಯಿಂದಲೇ ದೋಷವು ಮನೆಯದೋ ಬೀದಿಯದೋ ಎಂಬುದು ಅರ್ಧ ಗೊತ್ತಾಗುವುದು. ದೀಪ ಹಸುರಾಗಿದ್ದೂ ಕೆಲಸ ನಡೆಯದಿದ್ದರೆ ದೋಷವು ಮೇಲಣ ರೌಟರಿನಲ್ಲಿರಬಹುದು. ಹಗಲೆಲ್ಲ ಚೆನ್ನಾಗಿದ್ದು ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ಕುಂಟುತ್ತಿದ್ದರೆ, ಅದು ಕೆಟ್ಟಿರುವುದಲ್ಲ, ಇಕ್ಕಟ್ಟಾಗಿರುವುದು. ಕಂಪೆನಿಯವರು ತಮ್ಮ ಹೆದ್ದಾರಿಗೆ ಮೀರಿದಷ್ಟು ಗಿರಾಕಿಗಳನ್ನು ಸೇರಿಸಿಕೊಂಡಿರುವರೆಂದು ಅರ್ಥ.

ದಾರಿಯಲ್ಲಿ ಎಲ್ಲಿ ತಡೆಯಿದೆಯೆಂದು ಕಂಡುಹಿಡಿಯಲು ‘ಟ್ರೇಸ್‌ರೌಟ್’ ಎಂಬ ಸರಳವಾದ ಉಪಾಯವೊಂದಿದೆ. ಪ್ರತಿ ಪೊಟ್ಟಣದ ಮೇಲೆಯೂ ಒಂದು ಆಯುಸ್ಸಿನ ಅಂಕಿ ಇರುತ್ತದೆ. ದಾಟಿದ ಪ್ರತಿ ರೌಟರೂ ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದ ಕಡೆಯ ರೌಟರು “ಇಲ್ಲಿ ಮುಗಿಯಿತು” ಎಂದು ಕಳುಹಿಸಿದವರಿಗೆ ವರದಿ ಮಾಡುತ್ತದೆ. ಒಂದು, ಎರಡು, ಮೂರು ಎಂದು ಆಯುಸ್ಸನ್ನು ಏರಿಸುತ್ತ ಹೋದರೆ ದಾರಿಯ ಕೇಂದ್ರಗಳು ಒಂದೊಂದಾಗಿ ತಮ್ಮ ಹೆಸರು ಹೇಳಿಕೊಳ್ಳುವುವು. ಕೆಲವು ರೌಟರುಗಳು ಉತ್ತರ ಕೊಡದೆ ಮೌನವಾಗಿರುವುದುಂಟಾದ್ದರಿಂದ ಇದನ್ನು ಓದುವುದಕ್ಕೂ ತಿಳಿವಳಿಕೆ ಬೇಕು. ಇಂಥ ತಿಳಿವಳಿಕೆಯುಳ್ಳ ಆಳುಗಳನ್ನು ಇಟ್ಟುಕೊಳ್ಳದೆ, ಬರೆದುಕೊಟ್ಟ ಉತ್ತರಗಳನ್ನು ಓದುವವರನ್ನು ಮಾತ್ರ ಇಟ್ಟುಕೊಂಡರೆ, ದೂರು ಕೊಟ್ಟವನ ಹೊತ್ತೂ ಹೋಯಿತು, ದೋಷವೂ ಉಳಿಯಿತು.

ಇನ್ನು ಹಳೆಯ ಯಂತ್ರಗಳ ವಿಷಯ. ರೌಟರು ತಿರುಗುತ್ತಿರುವವರೆಗೂ ಅದು ಸರಿಯಾಗಿದೆಯೆಂದು ತಿಳಿಯುವುದು ದೊಡ್ಡ ಭ್ರಾಂತಿ. 2014ರ ಆಗಸ್ಟ್ 12ರಂದು ಜಗತ್ತಿನ ಅಂತರ್ಜಾಲದ ದಾರಿಗಳ ಪಟ್ಟಿಯು 5,12,000ವನ್ನು ಮೀರಿತು. ಅಷ್ಟನ್ನೇ ನೆನಪಿಡಬಲ್ಲ ಹಳೆಯ ರೌಟರುಗಳು ಅನೇಕ ದೇಶಗಳಲ್ಲಿ ತತ್ತರಿಸಿ, ಸೇವೆಗಳು ನಿಂತುಹೋದುವು. ವಿಚಿತ್ರವೇನೆಂದರೆ, ಆ ಯಂತ್ರಗಳನ್ನು ಮಾಡಿದ ಸಿಸ್ಕೋ ಕಂಪೆನಿಯವರು ಆ ವರ್ಷದ ಮೇ ತಿಂಗಳಿನಲ್ಲಿಯೇ ಎಚ್ಚರಿಕೆ ಕೊಟ್ಟು ಪರಿಹಾರವನ್ನೂ ಹೇಳಿದ್ದರು. ಕೇಳಿದವರು ಉಳಿದರು, ಕೇಳದವರ ಗಿರಾಕಿಗಳು ಕೆಟ್ಟರು. ಆ ಪಟ್ಟಿಯು ಈಗ ಬೆಳೆದು ಹತ್ತು ಲಕ್ಷದ ಆಸುಪಾಸಿಗೆ ಬಂದಿದೆ.

ನಮ್ಮ ನಾಡಿನಲ್ಲಿಯೇ ನಡೆದುದನ್ನು ನೋಡಿರಿ. 2017ರ ಜುಲೈ ತಿಂಗಳ ಕೊನೆಯಲ್ಲಿ ದುಷ್ಟ ಕ್ರಮವಿಧಿಯೊಂದು ಬಿ.ಎಸ್.ಎನ್.ಎಲ್. ಸಂಸ್ಥೆಯ ಕರ್ನಾಟಕದ ಗಿರಾಕಿಗಳ ಮನೆಗಳಲ್ಲಿದ್ದ ಸಾವಿರಾರು ಮೋಡೆಮುಗಳನ್ನು ಹೊಕ್ಕು ನಿಷ್ಪ್ರಯೋಜಕ ಮಾಡಿತು. ಅದು ಒಳಹೊಕ್ಕ ಬಾಗಿಲು ಯಾವುದು? ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಗುಪ್ತಪದವನ್ನು ಯಾರೂ ಬದಲಾಯಿಸಿರಲಿಲ್ಲ. ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ ಇದು. ಬದಲಾಯಿಸಬೇಕಾದುದು ಗಿರಾಕಿಯ ಕೆಲಸವೆಂದು ವಾದಿಸಬಹುದು. ಆದರೆ ಪೆಟ್ಟಿಗೆಯನ್ನು ತಂದು ಗೋಡೆಗೆ ಹೊಡೆದು ಹೋದವರು ಆ ಐದು ನಿಮಿಷದ ಕೆಲಸವನ್ನು ತಾವೇ ಮಾಡಿ ಹೋಗಲು ಅಡ್ಡಿಯೇನು?

ಮತ್ತೊಂದು ಕೊರತೆಯು ವಿಳಾಸಗಳದು. ಹಳೆಯ ಪದ್ಧತಿಯ ವಿಳಾಸಗಳು ಏಷ್ಯದ ಪಾಲಿಗೆ 2011ರ ಏಪ್ರಿಲ್ ತಿಂಗಳಿನಲ್ಲಿಯೇ ಬಹುತೇಕ ತೀರಿಹೋದುವು. ಅಂದಿನಿಂದ ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವ ಉಪಾಯ ನಡೆದಿದೆ. ಹಂಚಿದ ಮೇಲೆ ಯಾವ ಗಳಿಗೆಯಲ್ಲಿ ಯಾರು ಯಾವುದನ್ನು ಬಳಸಿದರೆಂಬ ದಫ್ತರವು ನಿಷ್ಕೃಷ್ಟವಾಗಿರಬೇಕು. ಅದು ತಪ್ಪಿದರೆ ಏನಾಗುವುದೆಂಬುದನ್ನು ಬೆಂಗಳೂರು ಹಂಚಿಕೆಯ ಕಾಲಕ್ಕೂ ಮೊದಲೇ ಕಂಡಿದೆ. 2007ರಲ್ಲಿ ಸೇವಾ ಕಂಪೆನಿಯೊಂದು ಪೊಲೀಸರಿಗೆ ತಪ್ಪು ವಿವರ ಕೊಟ್ಟುದರಿಂದ, ಏನೂ ಮಾಡದ ಇಲ್ಲಿಯ ಒಬ್ಬ ತರುಣ ಇಂಜಿನಿಯರು 50 ದಿವಸ ಪುಣೆಯ ಸೆರೆಮನೆಯಲ್ಲಿ ಕೊಳೆಯಬೇಕಾಯಿತು. ಒಂದು ವಿಳಾಸಕ್ಕೆ ಒಂದೇ ಮನೆಯಿದ್ದಾಗಲೇ ಹೀಗಾದರೆ, ನೂರು ಮನೆಗಳಿರುವಾಗ ಎಷ್ಟು ಎಚ್ಚರ ಬೇಡ? ದಫ್ತರಗಳನ್ನು 180 ದಿವಸ ಕಾಪಾಡಬೇಕೆಂದೂ ಗಡಿಯಾರಗಳನ್ನು ಒಂದೇ ಸಮನಾಗಿ ಇಡಬೇಕೆಂದೂ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಆಜ್ಞೆ ಮಾಡಿರುವುದು ಯುಕ್ತವೇ ಆಗಿದೆ. ಹೊಸ ಪದ್ಧತಿಯ ವಿಳಾಸಗಳಿಗೆ, ಎಂದರೆ ಆರನೆಯ ಆವೃತ್ತಿಗೆ, ಎಲ್ಲ ಸಣ್ಣ ಕಂಪೆನಿಗಳವರೂ ಪೂರ್ತಿಯಾಗಿ ಬರುವುದೇ ಇದಕ್ಕೆ ನಿಜವಾದ ಮದ್ದು.

ಹಾಗಾದರೆ ಹಳೆಯದನ್ನೆಲ್ಲ ಕಿತ್ತು ನಾಳೆಯೇ ಹೊಸದನ್ನು ಹಾಕಿಬಿಡೋಣವೆ? ಅಲ್ಲಿಯೂ ಅಪಾಯವಿದೆ. ಕೆನಡದ ರೋಜರ್ಸ್ ಎಂಬ ದೊಡ್ಡ ಕಂಪೆನಿಯವರು ತಮ್ಮ ಕೇಂದ್ರ ಜಾಲವನ್ನು ಸುಧಾರಿಸುವ ಕೆಲಸವನ್ನು ಏಳು ಹಂತಗಳಾಗಿ ಮಾಡಿಕೊಂಡಿದ್ದರು. ಐದು ಹಂತಗಳು ನಿರ್ವಿಘ್ನವಾಗಿ ಮುಗಿದುವು. ಮೊದಲು ಅಪಾಯವು ಹೆಚ್ಚೆಂದು ಬರೆದುಕೊಂಡಿದ್ದವರು, ಆರನೆಯ ಹಂತದ ವೇಳೆಗೆ ಅಪಾಯ ಕಡಮೆಯೆಂದು ಬದಲಾಯಿಸಿಕೊಂಡರು. 2022ರ ಜುಲೈ 8ರಂದು ಒಂದು ರೌಟರಿನಲ್ಲಿದ್ದ ಸೋಸುವ ಕಟ್ಟಳೆಯೊಂದನ್ನು ತೆಗೆದುಹಾಕಿದ ಕೂಡಲೇ ದಾರಿಗಳ ಪ್ರವಾಹವೇ ಕೇಂದ್ರದ ರೌಟರುಗಳ ಮೇಲೆ ನುಗ್ಗಿ ಅವು ಕುಸಿದುವು; ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಗಿರಾಕಿಗಳು ಸೇವೆಯಿಲ್ಲದಾದರು. ರಿಪೇರಿ ಮಾಡಬೇಕಾದವರ ಫೋನುಗಳೂ ಅದೇ ಜಾಲದ ಮೇಲೆಯೇ ಇದ್ದುದರಿಂದ ಅವರು ಒಬ್ಬರೊಡನೊಬ್ಬರು ಮಾತಾಡುವುದೂ ಕಷ್ಟವಾಯಿತು. ಬಾವಿಗೆ ಬಿದ್ದವನ ಹಗ್ಗವೂ ಬಾವಿಯಲ್ಲೇ ಇದ್ದಂತಾಯಿತು! ಮರುವರ್ಷ, 2023ರ ನವೆಂಬರ್ 8ರಂದು, ಆಸ್ಟ್ರೇಲಿಯದ ಆಪ್ಟಸ್ ಕಂಪೆನಿಯಲ್ಲಿ ಸಾಫ್ಟ್‌ವೇರಿನ ಸುಧಾರಣೆಯೊಂದರ ಬಳಿಕ ಬಂದ ದಾರಿಗಳ ಸಂಖ್ಯೆಯು ಗೊತ್ತುಮಾಡಿದ ಮಿತಿಯನ್ನು ಮೀರಿ, ರೌಟರುಗಳು ತಮ್ಮನ್ನು ತಾವೇ ಜಾಲದಿಂದ ಕಳಚಿಕೊಂಡುವು. ಸುಮಾರು ಒಂದು ಕೋಟಿ ಜನರಿಗೆ ಸೇವೆ ತಪ್ಪಿತು. ಪ್ರಾಣಸಂಕಟದ ಎರಡು ಸಾವಿರಕ್ಕೂ ಮೇಲ್ಪಟ್ಟ ಕರೆಗಳು ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಕಂಪೆನಿಯ ಮುಖ್ಯಾಧಿಕಾರಿಯು ಅದೇ ತಿಂಗಳು ರಾಜೀನಾಮೆ ಕೊಡಬೇಕಾಯಿತು.

ಇವೆರಡರಿಂದ ಕಲಿಯಬೇಕಾದುದು ಸುಧಾರಣೆ ಬೇಡವೆಂಬ ಪಾಠವಲ್ಲ. ಸುಧಾರಣೆಗೂ ಒಂದು ಶಾಸ್ತ್ರವಿದೆಯೆಂಬ ಪಾಠ. ಹೊಸ ಸಾಫ್ಟ್‌ವೇರನ್ನು ಮೊದಲು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಇದ್ದ ವ್ಯವಸ್ಥೆಯ ನಕಲನ್ನು ತೆಗೆದಿಟ್ಟುಕೊಳ್ಳಬೇಕು. ಕೆಟ್ಟರೆ ಹಿಂದಿನ ಸ್ಥಿತಿಗೆ ಎಷ್ಟು ನಿಮಿಷಗಳಲ್ಲಿ ಮರಳುವೆವೆಂಬುದನ್ನು ಮೊದಲೇ ಬರೆದಿಡಬೇಕು. ಜನಸಂಚಾರವಿಲ್ಲದ ಹೊತ್ತಿನಲ್ಲಿ, ಒಂದು ಬಡಾವಣೆಯಲ್ಲಿ ಮಾಡಿ, ನೋಡಿ, ಆಮೇಲೆ ಮುಂದಿನದಕ್ಕೆ ಕೈಹಾಕಬೇಕು. ರೌಟರನ್ನು ತಲಪಲು ಆ ರೌಟರನ್ನೇ ನೆಚ್ಚದ ಬೇರೊಂದು ದಾರಿ ಇರಬೇಕು. ಮತ್ತು ಐದು ಸಲ ಗೆದ್ದೆವೆಂದು ಆರನೆಯ ಸಲ ಮೈಮರೆಯಬಾರದು.

ಇದಕ್ಕೆಲ್ಲ ಹಣವೆಲ್ಲಿಂದ ಬರಬೇಕೆಂದು ಸಣ್ಣ ಕಂಪೆನಿಗಳವರು ಕೇಳುವರು. ಅವರ ಕಷ್ಟವು ನಮಗೆ ತಿಳಿಯದುದಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿಗಳಿಗೆ ಸೇವೆ ಕೊಡುವ ಪೈಪೋಟಿಯಲ್ಲಿ ಅವರು ನಲುಗಿರುವರು. ಬೀದಿ ಅಗೆಯುವವರ ಗುದ್ದಲಿಯಿಂದ ಅವರ ಎಳೆಗಳು ಪದೇ ಪದೇ ಕಡಿಯುವುವು. ಆದರೆ ಮೇಲೆ ಹೇಳಿದ ಶಾಸ್ತ್ರದಲ್ಲಿ ಹಣ ಬೇಡುವುದಕ್ಕಿಂತ ಶಿಸ್ತು ಬೇಡುವುದೇ ಹೆಚ್ಚು. ಗುಪ್ತಪದ ಬದಲಾಯಿಸಲು, ನಕಲು ತೆಗೆದಿಡಲು, ಗಿರಾಕಿಗೆ ಹಿಂದಿನ ದಿನ ಒಂದು ಸಾಲಿನ ತಿಳಿವಳಿಕೆ ಕಳುಹಿಸಲು ಬಂಡವಾಳವು ಬೇಕಿಲ್ಲ. ಹೊಸ ಬಡಾವಣೆಯಲ್ಲಿ ಜಾಹೀರಾತಿನ ಹಲಗೆ ನಿಲ್ಲಿಸಲು ಹಣವುಳ್ಳವರು, ತಯಾರಕರೇ ಕೈಬಿಟ್ಟ ರೌಟರನ್ನು ಬದಲಾಯಿಸಲು ಹಣವಿಲ್ಲವೆಂದರೆ ಅದನ್ನು ಒಪ್ಪುವುದು ಕಷ್ಟ.

ಯಂತ್ರಗಳೆಲ್ಲ ಪರದೇಶದಿಂದಲೇ ಬರಬೇಕೆಂಬ ಕಾಲವೂ ಕಳೆಯುತ್ತ ಬಂದಿದೆ. ಟೆಲಿಫೋನ್ ತಯಾರಿಸುವ ಐ.ಟಿ.ಐ. ಕಾರ್ಖಾನೆಯು ಬೆಂಗಳೂರಿನಲ್ಲಿ 1948ರಲ್ಲಿ ಹುಟ್ಟಿತು. ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಹುಟ್ಟಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ನಮ್ಮ ಬಿಸಿಲನ್ನೂ ಧೂಳನ್ನೂ ತಾಳಿಕೊಂಡು, ತಂಪು ಕೊಠಡಿಯ ಹಂಗಿಲ್ಲದೆ ನಡೆಯುವ ಹಳ್ಳಿಯ ಟೆಲಿಫೋನ್ ಕೇಂದ್ರವನ್ನು ರಚಿಸಿ, ಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ನಿಲ್ಲಿಸಿದರು. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ನಿವೆಟ್ಟಿ ಸಿಸ್ಟಮ್ಸ್ ಎಂಬ ಕಂಪೆನಿಯವರು ಸೆಕೆಂಡಿಗೆ 2.4 ಟೆರಾಬಿಟ್ ಸಾಮರ್ಥ್ಯದ ಸ್ವದೇಶೀ ರೌಟರನ್ನು ಹೊರತಂದಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಸ್ವದೇಶೀ ಯಂತ್ರವನ್ನೂ ಕಾಯುವವರಿಲ್ಲದಿದ್ದರೆ ಅದು ವಿದೇಶೀ ಯಂತ್ರದಷ್ಟೇ ಬೇಗ ಕೆಡುವುದು. ಯಂತ್ರ ಕಟ್ಟಲು ಕಲಿತ ಊರು ಯಂತ್ರ ಕಾಯುವುದನ್ನೂ ಕಲಿಯಬೇಕು. ನಮ್ಮ ಪಾಲಿಟೆಕ್ನಿಕ್ಕುಗಳಲ್ಲಿಯೂ ಐ.ಟಿ.ಐ. ತರಬೇತಿ ಶಾಲೆಗಳಲ್ಲಿಯೂ ಎಳೆ ಜೋಡಿಸುವುದು, ಬೆಳಕನ್ನು ಅಳೆಯುವುದು, ರೌಟರಿನ ದೋಷ ಹುಡುಕುವುದು ಇವುಗಳನ್ನು ಕನ್ನಡದಲ್ಲಿಯೇ ವಿವರಿಸಿ, ಕೈಯಿಂದ ಮಾಡಿಸಿ ಕಲಿಸಿದರೆ ಸಾವಿರಾರು ತರುಣರಿಗೆ ಮರ್ಯಾದೆಯ ಅನ್ನ ದೊರಕುವುದು.

ಅಧಿಕಾರಿಗಳು ಮಾಡಬೇಕಾದುದೂ ಉಂಟು. ಟ್ರಾಯ್ ಮಂಡಲಿಯು 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿಯಮಗಳಲ್ಲಿ, ಮನೆಯ ಬ್ರಾಡ್‌ಬ್ಯಾಂಡಿನ ದೋಷವನ್ನು ಮೂರು ದಿವಸಗಳೊಳಗಾಗಿ ಸರಿಪಡಿಸದಿದ್ದರೆ ಗಿರಾಕಿಗೆ ಬಾಡಿಗೆಯಲ್ಲಿ ಸೋಡಿ ಕೊಡಬೇಕೆಂದಿದೆ. ಈ ಹಕ್ಕಿನ ಸುದ್ದಿಯು ಎಷ್ಟು ಗಿರಾಕಿಗಳಿಗೆ ಮುಟ್ಟಿದೆ? ಪ್ರತಿ ಬಿಲ್ಲಿನ ಮೇಲೂ ಅದನ್ನು ಕನ್ನಡದಲ್ಲಿ ಅಚ್ಚುಹಾಕಿಸಬೇಕೆಂದು ನಾವು ಸೂಚಿಸುತ್ತೇವೆ. ದೊಡ್ಡ ಅಡಚಣೆಯಾದಾಗ ಕಾರಣವೇನು, ಮತ್ತೆ ಆಗದಂತೆ ಮಾಡಿದುದೇನು ಎಂಬ ವರದಿಯು ಕಂಪೆನಿಗೂ ಮಂಡಲಿಗೂ ನಡುವೆಯೇ ಉಳಿಯದೆ ಪ್ರಕಟವಾಗಬೇಕು. ಅಗೆಯುವ ಮೊದಲು ಕೇಬಲಿನವರಿಗೆ ತಿಳಿಸುವುದಕ್ಕಾಗಿಯೇ ‘ಕಾಲ್ ಬಿಫೋರ್ ಯೂ ಡಿಗ್’ ಎಂಬ ಏರ್ಪಾಡು 2023ರ ಮಾರ್ಚ್ 22ರಂದು ಆರಂಭವಾಗಿದೆ. ನಗರಪಾಲಿಕೆಗಳವರೂ ಜಲಮಂಡಲಿಯವರೂ ತಮ್ಮ ಗುತ್ತಿಗೆದಾರರು ಅದನ್ನು ಬಳಸಿದ ಹೊರತು ಗುದ್ದಲಿ ಎತ್ತಕೂಡದೆಂದು ಕಟ್ಟುಮಾಡಬೇಕು.

ಮಹಾಜನರಲ್ಲಿಯೂ ಒಂದು ಮಾತು. ಹೊಸ ಸಂಪರ್ಕ ಕೊಳ್ಳುವಾಗ ವೇಗವೆಷ್ಟು, ಬೆಲೆಯೆಷ್ಟು ಎಂದು ಮಾತ್ರ ಕೇಳದೆ, ಕೆಟ್ಟರೆ ಎಷ್ಟು ಹೊತ್ತಿಗೆ ಬರುವಿರಿ, ಬರುವವನಿಗೆ ಕೆಲಸ ಗೊತ್ತಿದೆಯೆ ಎಂದೂ ಕೇಳಿರಿ. ಕೇಳುವವರಿದ್ದರೆ ಉತ್ತರ ಕೊಡುವವರು ಹುಟ್ಟುವರು. ಹೆಸರಿನಲ್ಲಿಯೇ ಜಾಲವನ್ನು ಹೊತ್ತಿರುವ ಜಾಲಹಳ್ಳಿಯ ಕಡೆಯ ವರ್ತಕರೂ ಕಾರ್ಖಾನೆಗಳವರೂ ಒಟ್ಟಾಗಿ ಈ ಪ್ರಶ್ನೆಯನ್ನು ಮೊದಲು ಎತ್ತುವರೆಂದೂ, ಕಂಪೆನಿಗಳವರು ಅದನ್ನು ದೂಷಣೆಯೆಂದೆಣಿಸದೆ ಹಿತವಚನವೆಂದು ಸ್ವೀಕರಿಸುವರೆಂದೂ ಹಾರೈಸುತ್ತೇವೆ.