ಜ್ವರದ ರೋಗಿಯ ಉಸಿರನ್ನು ಎಣಿಸಿರಿ

ಮುಂಗಾರು ಹಿಡಿದೊಡನೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗದ್ದೆ-ತೋಟಗಳಲ್ಲಿ ಕಾಯಕ ಮಾಡುವವರಿಗೆ ಇಲಿಜ್ವರದ ಭಯ. ಬೇಸಿಗೆಯಲ್ಲಿ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಭಯ. ಇಂತಹ ಸೋಂಕು ಕೆಲವರಲ್ಲಿ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಿ, ಮೂತ್ರಪಿಂಡ, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಇದೇ ಸೆಪ್ಸಿಸ್.

ಮನೆಯವರು ಥರ್ಮಾಮೀಟರನ್ನಷ್ಟೇ ನೋಡುತ್ತಾರೆ. ಅದು ಸಾಲದೆಂಬುದು ನಮ್ಮ ಅಭಿಪ್ರಾಯ. ಮೈ ತಣ್ಣಗಾದುದು ಯಾವಾಗಲೂ ಗುಣದ ಲಕ್ಷಣವಲ್ಲ. ವಯಸ್ಕ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಅದು 22 ಅಥವಾ ಹೆಚ್ಚಿದ್ದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ, ರಕ್ತದೊತ್ತಡದ ಮೇಲಿನ ಅಂಕಿ 100ಕ್ಕೆ ಇಳಿದರೆ, ಉಗುರನ್ನೊತ್ತಿ ಬಿಟ್ಟಾಗ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, 108ಕ್ಕೆ ಕರೆಮಾಡಲು ತಡಮಾಡಬಾರದು.

ಸನ್ನಿಪಾತ ಜ್ವರದ ಗಾಂಭೀರ್ಯವನ್ನು ಆಯುರ್ವೇದವೂ ಬಲ್ಲದು. ಆದರೆ ಈ ಸ್ಥಿತಿಯಲ್ಲಿ ಕಷಾಯಕ್ಕಾಗಿ ನಮ್ಮ ಬಾಗಿಲಲ್ಲಿ ಕಾಯುವುದು ಸಲ್ಲದು. ಇಲಿಜ್ವರಕ್ಕೆ ಆಂಟಿಬಯೋಟಿಕ್ ಉಂಟು; ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲವಾದ್ದರಿಂದ ಅಲ್ಲಿ ದ್ರವ, ಆಮ್ಲಜನಕಗಳ ಆಸರೆ ಮತ್ತು ಗಂಟೆಗಂಟೆಯ ನಿಗಾವೇ ಚಿಕಿತ್ಸೆಯ ಜೀವಾಳ.

ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗುವಾಗ, ಹೊತ್ತಿನ ಸಮೇತ ಬರೆದಿಟ್ಟ ಅಂಕಿಗಳೂ ಜೊತೆಗೆ ಹೋಗಲಿ. ರೋಗಿ ಚೇತರಿಸುತ್ತಿರುವನೋ ಕುಸಿಯುತ್ತಿರುವನೋ ಎಂಬುದನ್ನು ಒಂದೇ ಅಂಕಿ ಹೇಳದು. ಅವುಗಳ ಸಾಲು ಹೇಳುತ್ತದೆ.