ಜೀಪಿನ ಕುಳ್ಳ ಲಿವರುಗಳು
ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಟರೆ ಅಡಕೆ ತೋಟದ ಅಂಚಿನಲ್ಲಿ ಹಳೆಯ ಮಹೀಂದ್ರ ಜೀಪುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ವಿಲ್ಲಿಸ್ ಜೀಪಿನ ವಂಶದ ಇವುಗಳ ಫೋರ್‌ವೀಲ್ ಮಾದರಿಗಳಲ್ಲಿ ಗೇರ್ ಲಿವರಿನ ಪಕ್ಕ ಇನ್ನೆರಡು ಕುಳ್ಳ ಲಿವರುಗಳಿರುತ್ತವೆ: ಒಂದು ಮುಂದಿನ ಚಕ್ರಗಳಿಗೆ, ಇನ್ನೊಂದು ಹೈ–ಲೋಗೆ, ಅಂದರೆ ವೇಗ ಬೇಕೋ ಎಳೆತ ಬೇಕೋ ಎಂದು ಆರಿಸಲು. ಮಳೆಗಾಲದಲ್ಲಿ ಶುಂಠಿ ಹೊಲಕ್ಕಿಳಿದ ಜೀಪು ಮೇಲೆ ಬರುವುದು ಇವುಗಳ ದಯೆಯಿಂದಲೇ. ಫೋರ್‌ವೀಲ್ ಹಾಕದೆ ಲೋ ಬೀಳುವುದಿಲ್ಲ. ಈ ಲಿವರುಗಳು ಜಾರಿಸುವ ಒಳಗಿನ ಎರಡು ಸರಳುಗಳ ನಡುವೆ ಕೂತ ಪುಟ್ಟ ಉಕ್ಕಿನ ತುಂಡೊಂದು ತಡೆಯುತ್ತದೆ. ಅದನ್ನು ಮನೆಯಂಗಳದಲ್ಲೇ ಕಿತ್ತುಹಾಕುವವರಿದ್ದಾರೆ. ಹಿಂದಿನ ಚಕ್ರಕ್ಕಷ್ಟೇ ಲೋ ಸಿಕ್ಕರೆ, ಗೊಬ್ಬರದ ಟ್ರೇಲರನ್ನು ಗಟ್ಟಿ ನೆಲದ ಮೇಲೆ ಸಲೀಸಾಗಿ ತಿರುಗಿಸಬಹುದಲ್ಲ! ಆಸೆ ತಪ್ಪಲ್ಲ. ಆದರೆ ಲೋದಲ್ಲಿ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಅಷ್ಟೂ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದರೆ ಅದು ಕಬ್ಬಿನ ಜಲ್ಲೆಯಂತೆ ತಿರುಚಿಕೊಂಡೀತು, ಅದೂ ಕೆಸರಿನ ನಡುವೆ. ಉಳಿದಂತೆ, ಲಿವರು ಗಡಗಡ ಎಂದರೆ ಸವೆದ ಪಿನ್ ಬದಲಿಸಿ, ಸೀಟಿಗೆ ತಗುಲಿದರೆ ಕಾಯಿಸಿ ಬಗ್ಗಿಸಿ, ಯಾರೂ ಬೇಡವೆನ್ನರು. ಆ ತುಂಡನ್ನು ತೆಗೆದೇ ತೀರುವಿರಾದರೆ ಮಾತ್ರ ಡಬ್ಬಿಯಲ್ಲಿ ಜೋಪಾನವಾಗಿಡಿ. ಜೀಪು ಮಾರುವಾಗ ಕೊಳ್ಳುವವನ ಕೈಗೆ ಕೊಟ್ಟು, ವಿಷಯ ಹೇಳಿಬಿಡಿ.