ಮರ್ಥರಿನ ಕಡ್ಡಿ ಪೈಲ್ವಾನ

'ಬಡವನ ಸಿಟ್ಟು ದವಡೆಗೆ ಮೂಲ' ಎಂಬ ಗಾದೆಯನ್ನು ನಮ್ಮ ಹಿರಿಯರು ಬಡವನಿಗೆ ಬುದ್ಧಿ ಹೇಳುವುದಕ್ಕಾಗಿ ಕಟ್ಟಿದರು. ಸಿಟ್ಟು ಉಳ್ಳವನಿಗೆ ಭೂಷಣವಾದೀತು. ಇಲ್ಲದವನು ಸಿಟ್ಟಾದರೆ ಏಟು ಬೀಳುವುದು ಅವನ ದವಡೆಗೇ. ಆದರೆ ಸಿಟ್ಟಿನ ಲವಲೇಶವೂ ಇಲ್ಲದೆ, ಜೀವನೋಪಾಯಕ್ಕಾಗಿ ದವಡೆಯನ್ನು ಏಟಿಗೆ ಒಡ್ಡಿ ನಿಲ್ಲುವ ವೃತ್ತಿಯೊಂದು ಲೋಕದಲ್ಲಿದೆ. ನಾವು ಅದನ್ನು ಮುಷ್ಟಿಯುದ್ಧವೆಂದು ಕರೆಯುತ್ತೇವೆ. ಬಾಕ್ಸಿಂಗ್ ಎಂದರೆ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಆ ವೃತ್ತಿಯಲ್ಲಿ ಹೆಸರು ಗಳಿಸಿ, ಆ ವೃತ್ತಿಯಲ್ಲಿಯೇ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅಳಿದುಹೋದ ಒಬ್ಬ ಹುಡುಗನ ವೃತ್ತಾಂತವನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಮುಷ್ಟಿಮಲ್ಲರೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮಹಮ್ಮದ್ ಅಲಿಯಂತಹ ಆಜಾನುಬಾಹುಗಳ ಚಿತ್ರ. ಆದರೆ ಈ ಕಲೆಯಲ್ಲಿ ಸಣ್ಣ ದೇಹದವರಿಗೂ ಸ್ಥಾನವುಂಟು. ಸಮಾನ ತೂಕದವರು ಸಮಾನ ತೂಕದವರೊಡನೆಯೇ ಕಾದಬೇಕೆಂಬುದು ಅಲ್ಲಿಯ ಧರ್ಮ. 112 ಪೌಂಡಿನೊಳಗಿನವರದು ಫ್ಲೈವೇಟ್, ಎಂದರೆ ನೊಣದ ತೂಕ. 118 ಪೌಂಡಿನೊಳಗಿನವರದು ಬ್ಯಾಂಟಮ್‌ವೇಟ್. 126ರೊಳಗಿನವರದು ಫೆದರ್‌ವೇಟ್, ಎಂದರೆ ಗರಿಯ ತೂಕ. ನಡುವಣ ಬ್ಯಾಂಟಮ್ ಎಂಬುದು ಒಂದು ಗಿಡ್ಡ ಜಾತಿಯ ಕೋಳಿಯ ಹೆಸರು; ಜಾವಾ ದ್ವೀಪದ ರೇವುಪಟ್ಟಣವೊಂದರಿಂದ ಬಂದದ್ದು. ಆಕಾರ ಅಲ್ಪವಾದರೂ ಆ ಹುಂಜದ ಕಾದುವ ಕೆಚ್ಚು ದೊಡ್ಡದು. ನಮ್ಮ ಕಥಾನಾಯಕ ಈ ತೂಕಕ್ಕೆ ಸೇರಿದವನು. 118 ಪೌಂಡೆಂದರೆ ಐವತ್ತಮೂರೂವರೆ ಕಿಲೋ. ಹೈಸ್ಕೂಲು ಹುಡುಗನ ತೂಕವೆನ್ನಬಹುದು.

ಅವನ ಊರು ದಕ್ಷಿಣ ವೇಲ್ಸಿನ ಮರ್ಥರ್ ಟಿಡ್ವಿಲ್. ಒಂದು ಕಾಲಕ್ಕೆ ಅದು ಕಬ್ಬಿಣಕ್ಕೆ ಲೋಕಪ್ರಸಿದ್ಧವಾದ ಪಟ್ಟಣ. ಉಗಿಯಂತ್ರವೊಂದು ಹಳಿಗಳ ಮೇಲೆ ಮೊಟ್ಟಮೊದಲು ಸರಕನ್ನು ಎಳೆದದ್ದು 1804ರಲ್ಲಿ, ಅಲ್ಲಿಯ ಪೆನಿಡಾರನ್ ಕಬ್ಬಿಣದ ಕಾರ್ಖಾನೆಯಿಂದಲೇ. ಕುಲುಮೆಗಳು ಆರಿದ ಮೇಲೆ ಉಳಿದದ್ದು ಕಲ್ಲಿದ್ದಲ ಗಣಿ. ಆ ಗಣಿಯ ಕಸದ ಗುಡ್ಡ 1966ರ ಅಕ್ಟೋಬರ್ 21ರಂದು ಸಮೀಪದ ಆಬರ್‌ವ್ಯಾನ್ ಎಂಬ ಹಳ್ಳಿಯ ಶಾಲೆಯ ಮೇಲೆ ಕುಸಿದು 144 ಜೀವಗಳನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ 116 ಮಂದಿ ಮಕ್ಕಳು. ದುಡಿಮೆಯನ್ನೂ ದುಃಖವನ್ನೂ ಸಮನಾಗಿ ಉಂಡ ಊರದು.

ಇಂತಹ ಊರಿನ ಹುಡುಗರಿಗೆ ಗಣಿಯ ಕತ್ತಲೆಯಿಂದ ಹೊರಗೆ ಬರಲು ಇದ್ದ ಕೆಲವೇ ಬಾಗಿಲುಗಳಲ್ಲಿ ಮುಷ್ಟಿಯುದ್ಧವೂ ಒಂದು. ಫ್ಲೈವೇಟ್ ವರ್ಗದ ಪ್ರಥಮ ಜಗಜ್ಜೇತನೆಂದು ಹೆಸರಾದ ಜಿಮ್ಮಿ ವೈಲ್ಡ್ ಹುಟ್ಟಿದ್ದು ಮರ್ಥರಿನ ಆಸುಪಾಸಿನಲ್ಲಿ. ಅವನೂ ಗಣಿಯಲ್ಲಿ ದುಡಿದವನೇ. ಹೊವರ್ಡ್ ವಿನ್‌ಸ್ಟನ್ ಎಂಬ ಮತ್ತೊಬ್ಬನಿಗೆ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಮೂರು ಬೆರಳುಗಳ ತುದಿ ಹೋಗಿತ್ತು. ಅವನು ಆ ಊನವನ್ನು ಎಡಗೈಯ ಚಾತುರ್ಯದಿಂದ ತುಂಬಿಕೊಂಡು 1968ರಲ್ಲಿ ಗರಿತೂಕದ ಜಗಜ್ಜೇತನಾದ. ಮರ್ಥರಿನ ಬೀದಿಯ ಮಕ್ಕಳಿಗೆ ಇವರೇ ಪುರಾಣಪುರುಷರು.

ನಮ್ಮ ಹುಡುಗ ಜಾನಿ ಓವೆನ್ ಹುಟ್ಟಿದ್ದು 1956ರ ಜನವರಿಯಲ್ಲಿ. ಮಕ್ಕಳೊಂದಿಗರ ದೊಡ್ಡ ಸಂಸಾರ. ಅಣ್ಣತಮ್ಮಂದಿರೊಡನೆ ಎಳೆಯ ವಯಸ್ಸಿನಲ್ಲಿಯೇ ಊರಿನ ಗರಡಿಗೆ ಹೋಗತೊಡಗಿದ. ಬೆಳೆದದ್ದು ಐದಡಿ ಎಂಟಂಗುಲ. ಆ ತೂಕಕ್ಕೆ ಅದು ಅಸಾಧಾರಣ ಎತ್ತರ. ಎದೆಯ ಎಲುಬುಗಳನ್ನು ಎಣಿಸಬಹುದಾದಂತಹ ಮೈ, ಕಡ್ಡಿಯಂತಹ ತೋಳು, ಎದ್ದುಕಾಣುವ ಕಿವಿಗಳು. ಅಖಾಡಕ್ಕೆ ಇಳಿದರೆ, ನೋಡುವವರು ಯಾರೋ ರೋಗಿಯನ್ನು ತಂದು ನಿಲ್ಲಿಸಿದ್ದಾರೆಂದು ಮರುಕಪಡುವಂತಿದ್ದ. ಊರವರು ಅವನಿಗಿಟ್ಟ ಹೆಸರು 'ಮರ್ಥರಿನ ಬೆಂಕಿಕಡ್ಡಿ'. ನಮ್ಮಲ್ಲಾಗಿದ್ದರೆ 'ಕಡ್ಡಿ ಪೈಲ್ವಾನ' ಎನ್ನುತ್ತಿದ್ದರು. ಆದರೆ ನಮ್ಮಲ್ಲಿ ಆ ಮಾತು ಹಾಸ್ಯಕ್ಕೆ ಮೀಸಲು. ಮರ್ಥರಿನಲ್ಲಿ ಅದು ಹೆಮ್ಮೆಯ ಮಾತಾಯಿತು. ಏಕೆಂದರೆ ಆ ಕಡ್ಡಿಯೊಳಗೆ ಬೆಂಕಿ ಇತ್ತು. ಗುಡ್ಡಗಾಡಿನ ದಾರಿಗಳಲ್ಲಿ ಮೈಲಿಗಟ್ಟಲೆ ಓಡಿ ಸಂಪಾದಿಸಿದ ದಮ್ಮು ಅವನದು. ಎದುರಾಳಿ ದಣಿದು ಬಾಯಿ ತೆರೆಯುವ ಹೊತ್ತಿಗೆ ಇವನು ಆಗತಾನೆ ಆರಂಭಿಸಿದವನಂತೆ ಮುನ್ನುಗ್ಗುತ್ತಿದ್ದ.

ಅಖಾಡದಿಂದ ಹೊರಗೆ ಬಂದರೆ ಅವನು ಅತಿ ಸಂಕೋಚದ ಪ್ರಾಣಿ. ಮಾತು ಕಡಮೆ. ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸ, ಸಂಜೆಯಾದರೆ ಅಭ್ಯಾಸ. ಅವನಿಗೆ ಮುಷ್ಟಿವಿದ್ಯೆಯಲ್ಲಿ ಗುರುವಾಗಿದ್ದವರು ಹೆತ್ತ ತಂದೆ ಡಿಕ್ ಓವೆನ್ಸ್. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

1976ರ ಸೆಪ್ಟೆಂಬರಿನಲ್ಲಿ ಜಾನಿ ಹಣಕ್ಕಾಗಿ ಕಾದುವ ವೃತ್ತಿಮಲ್ಲನಾದ. ಮುಂದಿನ ವರ್ಷವೇ ಪ್ಯಾಡಿ ಮೆಗ್ವಾಯರನನ್ನು ಸೋಲಿಸಿ ಬ್ರಿಟನ್ನಿನ ಬ್ಯಾಂಟಮ್ ಪದವಿಯನ್ನು ಪಡೆದ. 1978ರಲ್ಲಿ ಆಸ್ಟ್ರೇಲಿಯದ ಪಾಲ್ ಫೆರೆರಿಯನ್ನು ಸೋಲಿಸಿ ಕಾಮನ್‌ವೆಲ್ತ್ ಪದವಿಗೂ ಒಡೆಯನಾದ. 1979ರಲ್ಲಿ ಸ್ಪೇನಿಗೆ ಹೋಗಿ ಹುವಾನ್ ಫ್ರಾನ್ಸಿಸ್ಕೊ ರೋಡ್ರಿಗೆಸ್ ಎಂಬವನೊಡನೆ ಯೂರೋಪಿನ ಪದವಿಗಾಗಿ ಕಾದಿದಾಗ ತೀರ್ಪು ಅವನಿಗೆ ವಿರುದ್ಧವಾಯಿತು. ಅದು ಅನ್ಯಾಯದ ತೀರ್ಪೆಂದು ವೇಲ್ಸಿನವರೆಲ್ಲ ಕೂಗೆಬ್ಬಿಸಿದರು. ಜಾನಿ ಉತ್ತರ ಕೊಟ್ಟದ್ದು 1980ರ ಫೆಬ್ರವರಿಯಲ್ಲಿ. ಅದೇ ರೋಡ್ರಿಗೆಸನನ್ನು ವೇಲ್ಸಿನಲ್ಲಿಯೇ ಎದುರಿಸಿ, ಅಂಕಗಳ ಮೇಲೆ ಗೆದ್ದು ಪದವಿಯನ್ನು ತೆಗೆದುಕೊಂಡ. ಅಷ್ಟು ಹೊತ್ತಿಗೆ ಬ್ರಿಟನ್, ಕಾಮನ್‌ವೆಲ್ತ್, ಯೂರೋಪು ಮೂರೂ ಅವನ ಕೈಯಲ್ಲಿದ್ದವು. ಉಳಿದದ್ದು ಜಗತ್ತು.

ಜಗತ್ತಿನ ಪದವಿ ಆಗ ಮೆಕ್ಸಿಕೋದ ಲೂಪೆ ಪಿಂಟೋರನ ಬಳಿ ಇತ್ತು. ಅವನೂ ಶ್ರೀಮಂತರ ಮನೆಯ ಮಗನಲ್ಲ, ಹಸಿವನ್ನು ಬಲ್ಲವನೇ. 1980ರ ಸೆಪ್ಟೆಂಬರ್ 19ರ ರಾತ್ರಿ, ಲಾಸ್ ಏಂಜಲೀಸಿನ ಒಲಿಂಪಿಕ್ ಸಭಾಂಗಣದಲ್ಲಿ ಇಬ್ಬರೂ ಮುಖಾಮುಖಿಯಾದರು. ಹದಿನೈದು ಸುತ್ತುಗಳ ಕದನ. ಸುತ್ತಿಗೆ ಮೂರು ನಿಮಿಷ. ಸಭಾಂಗಣ ಮೆಕ್ಸಿಕೋದವರಿಂದ ಕಿಕ್ಕಿರಿದಿತ್ತು. ಅವರ ಕೇಕೆಯ ನಡುವೆ ಕಡ್ಡಿ ಪೈಲ್ವಾನ ಕುಗ್ಗಲಿಲ್ಲ. ಮೊದಲ ಸುತ್ತುಗಳಲ್ಲಿ ಸರಿಸಮನಾಗಿ ಕಾದಿದ. ಪಿಂಟೋರನೇ ಹಿಂಜರಿಯುವಂತೆ ಮೇಲೆ ಬಿದ್ದ. ಆದರೆ ತುಟಿಯೊಡೆದು ರಕ್ತ ಬಾಯಿ ತುಂಬುತ್ತಿತ್ತು. ಒಂಬತ್ತನೆಯ ಸುತ್ತಿನಲ್ಲಿ, ತನ್ನ ವೃತ್ತಿಜೀವನದಲ್ಲಿ ಮೊಟ್ಟಮೊದಲ ಬಾರಿಗೆ, ಅವನು ನೆಲಕ್ಕೆ ಬಿದ್ದ. ಎದ್ದ. ಹತ್ತು, ಹನ್ನೊಂದು ಕಳೆದವು. ಹನ್ನೆರಡನೆಯದರಲ್ಲಿ ಮತ್ತೆ ಬಿದ್ದು ಮತ್ತೆ ಎದ್ದ. ಆ ಸುತ್ತು ಇನ್ನೇನು ಮುಗಿಯುವುದರಲ್ಲಿತ್ತು; ಪಿಂಟೋರನ ಬಲಗೈಯ ಹೊಡೆತವೊಂದು ದವಡೆಗೆ ಬಿದ್ದಿತು. ಈ ಸಲ ಜಾನಿ ಬಿದ್ದದ್ದನ್ನು ನೋಡಿದವರಿಗೆ, ಅವನು ನೆಲ ಮುಟ್ಟುವ ಮುನ್ನವೇ ಎಚ್ಚರ ತಪ್ಪಿದ್ದನೆಂಬುದು ಸ್ಪಷ್ಟವಾಗಿತ್ತು.

ಎಚ್ಚರ ಮರಳಲೇ ಇಲ್ಲ. ಆಸ್ಪತ್ರೆಯಲ್ಲಿ ತಲೆಬುರುಡೆಯನ್ನು ತೆರೆದು ಒಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ತೆಗೆದರು. ನಲವತ್ತಾರು ದಿನ ಅವನು ಹಾಗೆಯೇ ಮಲಗಿದ್ದ. ನವೆಂಬರ್ 4ರಂದು ಪ್ರಾಣ ಹೋಯಿತು. ಆಡಿದ ಇಪ್ಪತ್ತೆಂಟು ಪಂದ್ಯಗಳಲ್ಲಿ ಗೆಲವು 25, ಸೋಲು 2, ಸಮ 1. ಅವನು ಸತ್ತಮೇಲೆ ಒಂದು ಸಂಗತಿ ಹೊರಬಿದ್ದಿತು: ಅವನ ತಲೆಬುರುಡೆ ಸಾಮಾನ್ಯರದಕ್ಕಿಂತ ತೆಳು, ದವಡೆಯಾದರೋ ಸಾಮಾನ್ಯರದಕ್ಕಿಂತ ಗಟ್ಟಿ. ಬೇರೆಯವರು ಎಂದೋ ಕುಸಿದು ಬೀಳುತ್ತಿದ್ದಂತಹ ಏಟುಗಳನ್ನು ಆ ದವಡೆ ತಾಳಿಕೊಂಡಿತು. ತಾಳಿಕೊಂಡ ಒಂದೊಂದರ ಕಂಪನವೂ ತೆಳುವಾದ ಬುರುಡೆಯೊಳಗಿನ ಮಿದುಳಿಗೆ ಮುಟ್ಟಿತು. ಯಾವ ಗುಣವನ್ನು ಲೋಕ ಧೈರ್ಯವೆಂದು ಹೊಗಳಿತೋ ಅದೇ ಅವನಿಗೆ ಮೃತ್ಯುವಾಯಿತು.

ಆ ರಾತ್ರಿ ಅಖಾಡದ ಮೂಲೆಯಲ್ಲಿ ನಿಂತಿದ್ದವರು ತಂದೆ. ಗುರುವಿನ ಕಣ್ಣು ಶಿಷ್ಯನಲ್ಲಿ ಉಳಿದಿರುವ ಶಕ್ತಿಯನ್ನು ಅಳೆಯುತ್ತದೆ. ತಂದೆಯ ಕಣ್ಣು ಮಗನ ಮುಖದ ಗಾಯವನ್ನು ನೋಡುತ್ತದೆ. ಒಂದೇ ಜೊತೆ ಕಣ್ಣು ಈ ಎರಡು ಕೆಲಸವನ್ನೂ ಮಾಡಬೇಕಾಗಿ ಬಂದಾಗಿನ ಸಂಕಟವನ್ನು ಊಹಿಸುವುದಕ್ಕೆ ನಾವು ಮುಷ್ಟಿಮಲ್ಲರಾಗಿರಬೇಕಾಗಿಲ್ಲ. ಮಕ್ಕಳನ್ನು ಪರೀಕ್ಷೆಗೆ, ಪಂದ್ಯಕ್ಕೆ, ಪದವಿಗೆ ಸಿದ್ಧಗೊಳಿಸುವ ಪ್ರತಿಯೊಬ್ಬ ತಂದೆತಾಯಿಯೂ ಅದರ ಒಂದು ಅಂಶವನ್ನು ಬಲ್ಲರು. 'ಇನ್ನೊಂದು ಸುತ್ತು' ಎನ್ನುವುದು ಎಲ್ಲಿಯವರೆಗೆ ಪ್ರೋತ್ಸಾಹ, ಎಲ್ಲಿಂದಾಚೆಗೆ ಕ್ರೌರ್ಯ ಎಂಬುದಕ್ಕೆ ಗೆರೆ ಎಳೆದಿಟ್ಟವರಿಲ್ಲ.

ಹಾಗಾದರೆ ಇಂತಹ ಕ್ರೀಡೆ ಬೇಕೆ? ಈ ಪ್ರಶ್ನೆ ಹಳೆಯದು. ಸ್ವೀಡನ್ 1970ರಲ್ಲಿಯೂ ನಾರ್ವೆ 1981ರಲ್ಲಿಯೂ ವೃತ್ತಿ ಮುಷ್ಟಿಯುದ್ಧವನ್ನು ನಿಷೇಧಿಸಿದವು. ಅನಂತರ ಎರಡೂ ದೇಶಗಳು ಆ ನಿಷೇಧವನ್ನು ಹಿಂದೆಗೆದುಕೊಂಡವು. 1982ರಲ್ಲಿ ಕೊರಿಯದ ಕಿಮ್ ಡಕ್ ಕೂ ಎಂಬ ಲೈಟ್‌ವೇಟ್ ಮಲ್ಲ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಸತ್ತಮೇಲೆ, ವಿಶ್ವ ಬಾಕ್ಸಿಂಗ್ ಪರಿಷತ್ತು ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿತು. ಒಳ್ಳೆಯ ಸುಧಾರಣೆಯೇ; ಆದರೆ ಜಾನಿ ಓವೆನ್ ಬಿದ್ದದ್ದು ಹನ್ನೆರಡನೆಯ ಸುತ್ತಿನಲ್ಲಿ ಎಂಬುದನ್ನು ಮರೆಯುವಂತಿಲ್ಲ. ಆ ನಿಯಮ ಮೊದಲೇ ಇದ್ದಿದ್ದರೂ ಅವನು ಉಳಿಯುತ್ತಿರಲಿಲ್ಲ. ಮುಂದೆ 1991ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ವಾಟ್ಸನ್ ಎಂಬವನು ಮಿದುಳಿಗೆ ಪೆಟ್ಟು ಬಿದ್ದು ಅಂಗವಿಕಲನಾದಾಗ, ಅಖಾಡದ ಪಕ್ಕದಲ್ಲಿಯೇ ತಕ್ಕ ವೈದ್ಯೋಪಚಾರವನ್ನು ಒದಗಿಸದ ಹೊಣೆ ಕ್ರೀಡೆಯ ಆಡಳಿತ ಮಂಡಲಿಯದೆಂದು ಇಂಗ್ಲೆಂಡಿನ ನ್ಯಾಯಾಲಯ ತೀರ್ಮಾನಿಸಿತು. ಒಂದೊಂದು ನಿಯಮದ ಹಿಂದೆಯೂ ಹೀಗೆ ಒಬ್ಬೊಬ್ಬ ಹುಡುಗನ ಹೆಸರಿದೆ.

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ವಾಚಕರು ಬಲ್ಲರು. ಅಲ್ಲಿ ತಲೆಯಿಂದ ಮೊದಲ ಹನಿ ರಕ್ತ ಒಸರಿದೊಡನೆ ಕಾಳಗ ಮುಗಿಯಿತು. ಬಾಕ್ಸಿಂಗಿನ ತೊಡಕು ಇದಕ್ಕಿಂತ ಆಳವಾದದ್ದು: ಅಲ್ಲಿ ಕೊಲ್ಲುವ ರಕ್ತ ಹೊರಗೆ ಕಾಣಿಸುವುದಿಲ್ಲ. ಏಟಿನ ರಭಸಕ್ಕೆ ಮಿದುಳು ಬುರುಡೆಯೊಳಗೆ ಅಲುಗಾಡಿ, ಅದರ ಹೊದಿಕೆಗೆ ಹೊಂದಿಕೊಂಡ ಸಣ್ಣ ರಕ್ತನಾಳಗಳು ಹರಿಯುತ್ತವೆ. ಒಳಗೇ ಸೋರಿದ ರಕ್ತ ಮಿದುಳನ್ನು ಒತ್ತುತ್ತದೆ. ಮಲ್ಲ ಇನ್ನೂ ಕಾಲಮೇಲೆ ನಿಂತಿರುತ್ತಾನೆ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿರುತ್ತಾರೆ.

ಇಷ್ಟೇ ಆಗಿದ್ದರೆ ಇದು ಕೇವಲ ದುಃಖದ ಕಥೆ. ಆದರೆ ಇದಕ್ಕೆ ಉತ್ತರಾರ್ಧವೊಂದಿದೆ. ಮಗ ಸತ್ತ ಆ ದಿನಗಳಲ್ಲಿಯೇ ಓವೆನ್ಸ್ ಕುಟುಂಬ ಪಿಂಟೋರನಿಗೆ ಸಂದೇಶ ಕಳುಹಿಸಿತು: ಇದರಲ್ಲಿ ನಿನ್ನ ತಪ್ಪಿಲ್ಲ, ನಿನ್ನ ವೃತ್ತಿಯನ್ನು ಬಿಡಬೇಡ ಎಂದು. ತಾನೇ ಅಖಾಡ ತೊರೆಯಬೇಕೆಂಬ ಹಂತಕ್ಕೆ ಬಂದಿದ್ದ ಪಿಂಟೋರ್ ಆ ಮಾತಿನ ಬಲದಿಂದ ಮತ್ತೆ ಕೈಗವಸು ತೊಟ್ಟ. 1985ರಲ್ಲಿ ಮೇಲಿನ ತೂಕದಲ್ಲಿ ಮತ್ತೊಂದು ಜಗತ್ಪದವಿಯನ್ನೂ ಗೆದ್ದ.

ಇಪ್ಪತ್ತೆರಡು ವರ್ಷ ಕಳೆದವು. ಮರ್ಥರಿನ ಜನ ತಮ್ಮ ಕಡ್ಡಿ ಪೈಲ್ವಾನನಿಗೆ ಕಂಚಿನ ಪ್ರತಿಮೆ ಮಾಡಿಸಿದರು. ಅದನ್ನು ಅನಾವರಣ ಮಾಡುವವರು ಯಾರು? ಮಂತ್ರಿಗಳೂ ಮಹನೀಯರೂ ಇರಲಿಲ್ಲವೆಂದಲ್ಲ. ವೃದ್ಧರಾಗಿದ್ದ ಡಿಕ್ ಓವೆನ್ಸ್ ಮೆಕ್ಸಿಕೋಗೆ ಪ್ರಯಾಣ ಮಾಡಿ ಲೂಪೆ ಪಿಂಟೋರನನ್ನು ಕಂಡು, ಈ ಕಾರ್ಯ ನಿನ್ನ ಕೈಯಿಂದಲೇ ಆಗಬೇಕೆಂದು ಕೇಳಿಕೊಂಡರು. 2002ರ ನವೆಂಬರಿನಲ್ಲಿ ಪಿಂಟೋರ್ ಮರ್ಥರಿಗೆ ಬಂದ. ಯಾವ ಕೈ ಅವರ ಮಗನನ್ನು ಕೆಡವಿತ್ತೋ ಅದೇ ಕೈ ಮಗನ ಪ್ರತಿಮೆಯ ಮುಸುಕನ್ನು ಸರಿಸಿತು. ಊರಿಗೆ ಊರೇ ನೆರೆದು ಅವನನ್ನು ನೆಂಟನಂತೆ ಬರಮಾಡಿಕೊಂಡಿತು.

ಕ್ಷಮೆ ದುರ್ಬಲರ ಗುಣವೆಂದು ವಾದಿಸುವವರಿದ್ದಾರೆ. ಅಂಥವರು ಈ ವೃದ್ಧ ತಂದೆಯನ್ನು ನೆನೆಯಲಿ. ಮಗನನ್ನು ಕಳೆದುಕೊಂಡ ಮನೆಯಲ್ಲಿ ಹಗೆಯನ್ನು ಸಾಕುವುದು ಸುಲಭ. ಹಗೆಗೆ ಯಾವ ಅಭ್ಯಾಸವೂ ಬೇಡ. ಅದನ್ನು ಹೊರಗೆ ಹಾಕಿ, ಹೊಡೆದವನ ಮನೆಯ ಬಾಗಿಲಿಗೆ ತಾನೇ ನಡೆದುಹೋಗುವುದಕ್ಕೆ, ಹದಿನೈದು ಸುತ್ತು ಕಾದುವುದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ದಮ್ಮು ಬೇಕು.